ಹಸಿ ಹೆರಿಂಗ್ ಮತ್ತು ಹೊಟ್ಟೆಶೂಲೆ: ಒಂದು ಡಚ್ ಪ್ರಕರಣದ ಅಧ್ಯಯನ

ನೆದರ್‌ಲ್ಯಾಂಡ್ಸ್‌ನಲ್ಲಿ ಹೆರಿಂಗ್ ಮೀನನ್ನು ಒಲೆಗೆ ತೋರಿಸದೆ ತಿನ್ನುವುದು ಹಳೆಯ ರೂಢಿ. ಬಾಲ ಹಿಡಿದು ಮೇಲೆತ್ತಿ, ಸಣ್ಣಗೆ ಹೆಚ್ಚಿದ ಈರುಳ್ಳಿಯ ಜೊತೆ ಹಾಗೇ ಕಚ್ಚುತ್ತಾರೆ. ನಮ್ಮ ಬೂತಾಯಿಗೆ ದೂರದ ನೆಂಟ ಎನ್ನಬಹುದಾದ, ಕೊಬ್ಬು ತುಂಬಿದ ಮೀನು ಇದು. ಇದನ್ನು ತಿಂದವರಿಗೆ ಹುಳುವಿನಿಂದ ಕಾಯಿಲೆ ಬರಬಹುದೆಂದು ಅಲ್ಲಿನ ವೈದ್ಯರು ಎಣಿಸಿರಲಿಲ್ಲ. 1955ರಲ್ಲಿ ಮೊದಲ ರೋಗಿ ಸಿಕ್ಕಿದರು. ಮುಂದಿನ ಕೆಲವು ವರ್ಷಗಳಲ್ಲಿ ಇನ್ನಷ್ಟು ಜನ. 1968ರಲ್ಲಿ ಸರ್ಕಾರ ಒಂದೇ ಒಂದು ನಿಯಮ ತಂದಿತು. ಕಾಯಿಲೆ ಬಹುಮಟ್ಟಿಗೆ ನಿಂತುಹೋಯಿತು.

ಮೀನು ಅದೇ, ಹುಳು ಅದೇ, ತಿನ್ನುವ ಜನರೂ ಅವರೇ. ಹಾಗಾದರೆ 1955ರ ಹೊತ್ತಿಗೆ ಬದಲಾದದ್ದೇನು? ಇದಕ್ಕೆ ಉತ್ತರ ಆಸ್ಪತ್ರೆಯಲ್ಲಿ ಅರ್ಧ ಸಿಗುತ್ತದೆ, ಉಳಿದರ್ಧ ದೋಣಿಯ ಮೇಲೆ. ಮೀನು ಸತ್ತಮೇಲೆ ಕರುಳು ಎಷ್ಟು ಹೊತ್ತು ಹೊಟ್ಟೆಯಲ್ಲೇ ಉಳಿಯಿತು, ಎಷ್ಟು ಉಪ್ಪು ಬಿತ್ತು, ಎಷ್ಟು ತಣ್ಣಗಾಯಿತು ಎನ್ನುವುದನ್ನು ನೋಡದೆ ಈ ಕಾಯಿಲೆ ಅರ್ಥವಾಗುವುದಿಲ್ಲ.

ರೋಗಿಗಳಲ್ಲಿ ಕಂಡದ್ದು

ಬಂದವರ ದೂರು ಹೆಚ್ಚುಕಡಿಮೆ ಒಂದೇ: ಇದ್ದಕ್ಕಿದ್ದಂತೆ ಹೊಟ್ಟೆಯಲ್ಲಿ ತಡೆಯಲಾಗದ ಶೂಲೆ, ವಾಂತಿ, ಕೆಲವರಿಗೆ ಜ್ವರ. ಮುಟ್ಟಿದರೆ ಹೊಟ್ಟೆ ಬಿಗಿ. ಶಸ್ತ್ರವೈದ್ಯರಿಗೆ ಅಪೆಂಡಿಕ್ಸ್ ಅನ್ನಿಸುವುದು ಸಹಜ, ಇಲ್ಲವೇ ಕರುಳು ಕಟ್ಟಿಕೊಂಡಿದೆ ಎನ್ನಿಸುವುದು. ಹೊಟ್ಟೆ ತೆರೆದು ನೋಡಿದರೆ ಅಪೆಂಡಿಕ್ಸ್ ಸರಿಯಾಗಿಯೇ ಇರುತ್ತಿತ್ತು. ಸಣ್ಣ ಕರುಳಿನ ಒಂದು ತುಂಡು ಮಾತ್ರ ಕೆಂಪೇರಿ, ಊದಿ, ಗೋಡೆ ದಪ್ಪವಾಗಿ, ಒಳಗಿನ ದಾರಿ ಕಿರಿದಾಗಿರುತ್ತಿತ್ತು. ಆ ಭಾಗವನ್ನು ಕತ್ತರಿಸಿ ತೆಗೆದು, ಸೂಕ್ಷ್ಮದರ್ಶಕಕ್ಕೆಂದು ತೆಳು ಪದರಗಳಾಗಿ ಕೊಯ್ದಾಗ ಕರುಳಿನ ಗೋಡೆಯೊಳಗೆ ತಲೆ ತೂರಿಸಿಕೊಂಡ ಒಂದು ದುಂಡುಹುಳು ಕಂಡಿತು. ಅದರ ಸುತ್ತ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳ ದಟ್ಟ ಗುಂಪು.

ಹುಳುವನ್ನು ಗುರುತಿಸಿದ್ದು ಪರೋಪಜೀವಿ ತಜ್ಞ ಪಿ. ಎಚ್. ಫಾನ್ ಟೀಲ್. ಅವರು ಕೌಪರ್ಸ್ ಮತ್ತು ರೋಸ್ಕಾಮ್ ಜೊತೆ 1960ರಲ್ಲಿ ಪ್ರಕಟಿಸಿದ ವರದಿಯೇ ಈ ಕಾಯಿಲೆಯ ಮೊದಲ ಸ್ಪಷ್ಟ ವಿವರಣೆ. ಹುಳುವಿನ ಹೆಸರು ಮಾತ್ರ ಮೊದಲ ಸಲ ತಪ್ಪಿತ್ತು. ಬೇರೊಂದು ಕುಲದ ಹೆಸರು ಕೊಟ್ಟಿದ್ದರು. 1962ರಲ್ಲಿ ಅದನ್ನು ಅನಿಸಾಕಿಸ್ ಎಂದು ತಿದ್ದಿದರು. ಅಂಗಾಂಶದಲ್ಲಿ ಅಡ್ಡ ಕೊಯ್ದ ಮರಿಹುಳುವಿನಲ್ಲಿ ಬಾಯಿ, ಬಾಲ ಯಾವುದೂ ಪೂರ್ತಿ ಕಾಣುವುದಿಲ್ಲ. ದೇಹದ ಎರಡೂ ಪಕ್ಕಗಳಲ್ಲಿ ವೈ ಆಕಾರದಲ್ಲಿ ಕಾಣುವ ಪಟ್ಟಿ, ಎತ್ತರದ ಸ್ನಾಯುಕೋಶಗಳ ಸಾಲು, ಮೈಹೊರಗೆ ರೆಕ್ಕೆಯಂಥ ಅಂಚು ಇಲ್ಲದಿರುವುದು, ಇವನ್ನು ನೋಡಿ ತೀರ್ಮಾನಿಸಬೇಕು. ಇಡೀ ಹುಳು ಕೈಗೆ ಸಿಕ್ಕರೆ ಕೆಲಸ ಸುಲಭ: ತಲೆಯ ತುದಿಯಲ್ಲಿ ಕೊರೆಯುವ ಒಂದು ಸಣ್ಣ ಹಲ್ಲು, ಬಾಲದ ತುದಿಯಲ್ಲಿ ಚಿಕ್ಕ ಮೊನೆ, ಅನ್ನನಾಳ ಮುಗಿಯುವಲ್ಲಿ ಬರಿಗಣ್ಣಿಗೂ ಕಾಣುವ ಒಂದು ಬಿಳಿ ಗಂಟಿನಂಥ ಜಠರಭಾಗ.

ಮನುಷ್ಯನ ಹೊಟ್ಟೆಗೆ ಹೋದ ಈ ಹುಳುವಿಗೆ ಅಲ್ಲಿ ಮುಂದಿನ ದಾರಿಯಿಲ್ಲ. ಅದು ಬೆಳೆದು ದೊಡ್ಡದಾಗುವುದು ತಿಮಿಂಗಿಲ, ಡಾಲ್ಫಿನ್‌ಗಳ ಜಠರದಲ್ಲಿ. ನಮ್ಮಲ್ಲಿ ಅದು ಗೋಡೆಯನ್ನು ಕೊರೆಯಲು ಯತ್ನಿಸಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಮೂರು ವಾರದೊಳಗೆ ಸಾಯುತ್ತದೆ. ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಮಲ ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. ಈ ಪ್ರಕರಣದ ಬಗ್ಗೆ ಓದುವ ವೈದ್ಯ ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲೇ, ಜಂತುಹುಳು ಎಂದೊಡನೆ ಮಲದಲ್ಲಿ ಮೊಟ್ಟೆ ಹುಡುಕುವ ಅಭ್ಯಾಸ ಅಷ್ಟು ಗಟ್ಟಿ.

ಕೌಪರ್ಸ್ ಇನ್ನೊಂದು ಸಂಗತಿಯನ್ನೂ ಗಮನಿಸಿದರು. ಒಂದೇ ಒಂದು ಹುಳುವಿಗೆ ಇಷ್ಟು ದೊಡ್ಡ ಊತ ಬರುವುದೇಕೆ? ಮೊಲಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಅವರು 1964ರಲ್ಲಿ ಮುಂದಿಟ್ಟ ವಿವರಣೆ ಹೀಗೆ: ಮೊದಲ ಸಲ ಹೊಕ್ಕ ಹುಳು ದೇಹವನ್ನು ಕೆರಳಿಸಿ ಹೋಗುತ್ತದೆ, ಎರಡನೆಯ ಸಲ ಅದೇ ಜಾಗದಲ್ಲಿ ಹೊಕ್ಕಾಗ ದೇಹ ಉಗ್ರವಾಗಿ ಪ್ರತಿಕ್ರಿಯಿಸುತ್ತದೆ. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ. ಆದರೂ ಗಾಯಕ್ಕಿಂತ ಅಲರ್ಜಿಯ ಪಾಲು ದೊಡ್ಡದು ಎಂಬ ಅವರ ಹೊಳಹು ಮುಂದೆ ನಿಜವೆಂದೇ ಸಾಬೀತಾಯಿತು.

ಮೀನಿನ ಹೊಟ್ಟೆಯಲ್ಲಿ ಹುಳು ಎಲ್ಲಿರುತ್ತದೆ

ದೊಡ್ಡ ಹುಳುವಿನ ಮೊಟ್ಟೆಗಳು ತಿಮಿಂಗಿಲದ ಮಲದ ಜೊತೆ ಕಡಲಿಗೆ ಬೀಳುತ್ತವೆ. ನೀರಿನಲ್ಲಿ ಒಡೆದು ಹೊರಬಂದ ಮರಿಯನ್ನು ಸಿಗಡಿಯಂಥ ಕ್ರಿಲ್ ತಿನ್ನುತ್ತದೆ, ಕ್ರಿಲ್ ಅನ್ನು ಹೆರಿಂಗ್ ತಿನ್ನುತ್ತದೆ. ಹೆರಿಂಗ್‌ನ ಜಠರದಿಂದ ಮರಿಹುಳು ಗೋಡೆ ಕೊರೆದು ಹೊರಗೆ ಬಂದು ಕರುಳಿನ ಹೊರಮೈ, ಯಕೃತ್ತು, ಮೊಟ್ಟೆಚೀಲ ಇವುಗಳಿಗೆ ಅಂಟಿಕೊಂಡು, ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡು, ತೆಳುವಾದ ಕೋಶದೊಳಗೆ ಮಲಗುತ್ತದೆ. ಬಿಡಿಸಿ ಅಳೆದರೆ ಉದ್ದ 2ರಿಂದ 3 ಸೆಂಟಿಮೀಟರ್, ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ದೊಡ್ಡ ಮೀನು ಈ ಹೆರಿಂಗ್ ಅನ್ನು ನುಂಗಿದರೆ ಹುಳು ಸಾಯದೆ ಆ ಮೀನಿಗೆ ವರ್ಗವಾಗುತ್ತದೆ. ಹಾಗಾಗಿ ವಯಸ್ಸಾದ, ಬೇರೆ ಮೀನು ತಿಂದು ಬದುಕುವ ಮೀನುಗಳಲ್ಲಿ ಹುಳುಗಳು ಕೂಡಿಕೊಳ್ಳುತ್ತ ಹೋಗುತ್ತವೆ.

ಪರೀಕ್ಷೆಗೆ ಮೀನನ್ನು ಕೊಯ್ಯುವ ಕ್ರಮ ಇಲ್ಲಿ ಮುಖ್ಯ. ಗುದದ್ವಾರದಿಂದ ಕಿವಿರಿನವರೆಗೆ ಹೊಟ್ಟೆಯ ನಡುಗೆರೆಯಲ್ಲಿ ಮೇಲುಮೇಲೆ ಕೊಯ್ಯಬೇಕು. ಕತ್ತರಿಯ ತುದಿ ಆಳಕ್ಕಿಳಿದರೆ ಕರುಳು ಹರಿದು ಒಳಗಿನದೆಲ್ಲ ಕಲಸಿಹೋಗುತ್ತದೆ. ಒಳಾಂಗಗಳನ್ನು ಒಟ್ಟಾಗಿ ಎತ್ತಿ ಗಾಜಿನ ತಟ್ಟೆಯ ಮೇಲೆ ಹರಡಿ, ಮೊದಲು ಹೊರಮೈ ನೋಡಬೇಕು, ಆಮೇಲೆ ಕರುಳನ್ನು ಉದ್ದಕ್ಕೆ ಸೀಳಿ ಒಳಗೆ. ಕೊನೆಗೆ ಖಾಲಿಯಾದ ಹೊಟ್ಟೆಯ ಎರಡೂ ಬದಿಯ ತೆಳು ಮಾಂಸವನ್ನು ಬೆಳಕಿಗೆ ಹಿಡಿಯಬೇಕು. ಸುರುಳಿ ಸಿಕ್ಕರೆ ಸೂಜಿಯಿಂದ ಕೋಶ ಬಿಡಿಸಿ, ಶೇ 0.9ರ ಉಪ್ಪುನೀರಿನಲ್ಲಿ ಹಾಕಿ, ಸುಮಾರು 37 ಡಿಗ್ರಿಗೆ ಬೆಚ್ಚಗಿಟ್ಟು ಮೆಲ್ಲಗೆ ಚುಚ್ಚಿದರೆ ಬದುಕಿದ್ದರೆ ಹೊರಳುತ್ತದೆ. ತಣ್ಣಗಿರುವಾಗ ಅಲುಗಲಿಲ್ಲ ಎಂಬ ಕಾರಣಕ್ಕೆ ಸತ್ತಿದೆ ಎಂದು ಬರೆದುಕೊಳ್ಳುವುದು ಹೊಸಬರ ತಪ್ಪು.

ಇನ್ನೊಂದು ಗೊಂದಲ ನಮ್ಮ ಅಡುಗೆಮನೆಗಳಲ್ಲೂ ಉಂಟು. ಬಂಗುಡೆಯಂಥ ಮೀನಿನ ಜಠರ ಮುಗಿದು ಕರುಳು ಆರಂಭವಾಗುವ ಕಡೆ ಬೆರಳಿನಾಕಾರದ ಸಣ್ಣ ಸಣ್ಣ ಕೊಳವೆಗಳ ಗೊಂಚಲಿರುತ್ತದೆ. ಜೀರ್ಣರಸ ಸುರಿಸುವ ಅಂಗವದು. ಹುಳುಗಳ ಮುದ್ದೆ ಎಂದು ಹೆದರಿ ಇಡೀ ಮೀನನ್ನೇ ಎಸೆಯುವವರಿದ್ದಾರೆ. ಎಳೆದು ನೋಡಿದರೆ ತಿಳಿಯುತ್ತದೆ: ಕೊಳವೆಯ ಒಂದು ತುದಿ ಕರುಳಿಗೆ ಕೂಡಿಕೊಂಡಿರುತ್ತದೆ, ಹುಳು ಹಾಗೆ ಕೂಡಿಕೊಂಡಿರುವುದಿಲ್ಲ. ಎಳೆದರೆ ಇಡಿಯಾಗಿ ಬಿಚ್ಚಿ ಬರುತ್ತದೆ.

ಹೆರಿಂಗ್ ಪ್ರಕರಣದಲ್ಲಿ ಈ ಗೊಂಚಲಿಗೆ ದೊಡ್ಡ ಪಾತ್ರವಿದೆ. ಡಚ್ಚರ ಸಾಂಪ್ರದಾಯಿಕ ಕೊಯ್ತದಲ್ಲಿ ಸಣ್ಣ ಚೂರಿಯ ಒಂದೇ ತಿರುವಿಗೆ ಕಿವಿರು, ಹೃದಯ, ಕರುಳಿನ ಒಂದಷ್ಟು ಭಾಗವನ್ನು ಗಂಟಲ ಕಡೆಯಿಂದ ಕಿತ್ತು ತೆಗೆಯುತ್ತಾರೆ. ಹೊಟ್ಟೆ ಸೀಳುವುದಿಲ್ಲ. ಈ ಕೊಯ್ತವನ್ನು ಕಂಡುಹಿಡಿದ ಹೆಗ್ಗಳಿಕೆ 14ನೇ ಶತಮಾನದ ವಿಲ್ಲೆಮ್ ಬೂಕೆಲ್ಸ್‌ಜೋನ್ ಎಂಬವನಿಗೆ ಸಲ್ಲುತ್ತ ಬಂದಿದೆ. ಜೀರ್ಣರಸದ ಗೊಂಚಲನ್ನೂ ಮೇದೋಜೀರಕವನ್ನೂ ಬೇಕೆಂದೇ ಒಳಗೆ ಬಿಡುತ್ತಾರೆ. ಏಕೆಂದರೆ ಅವುಗಳ ಕಿಣ್ವಗಳೇ ಉಪ್ಪು ಹಾಕಿದ ಮಾಂಸವನ್ನು ಹದಗೊಳಿಸಿ, ಬೆಣ್ಣೆಯಷ್ಟು ಮೆತ್ತಗೆ ಮಾಡಿ, ಆ ರುಚಿ ಕೊಡುತ್ತವೆ. ಹುಳುಗಳು ಸುತ್ತಿಕೊಂಡಿರುವುದೂ ಅಲ್ಲೇ ಸುತ್ತಮುತ್ತ. ಪೂರ್ತಿ ಕರುಳು ತೆಗೆಯಿರಿ ಎಂದರೆ ಹುಳು ಹೋಗುತ್ತದೆ, ಜೊತೆಗೆ ತಿನಿಸೂ ಹೋಗುತ್ತದೆ. ಪರಿಹಾರ ಹುಡುಕಿದವರಿಗೆ ಇದೇ ದೊಡ್ಡ ಕಗ್ಗಂಟಾಗಿತ್ತು.

ಬದಲಾದದ್ದು ಎರಡು

ಹಳೆಯ ಕಾಲದ ಪದ್ಧತಿಯಲ್ಲಿ ಬಲೆ ಎತ್ತಿದ ಕೂಡಲೇ ದೋಣಿಯ ಮೇಲೆಯೇ ಮೀನನ್ನು ಕೊಯ್ದು, ಪೀಪಾಯಿಯಲ್ಲಿ ಉಪ್ಪಿನ ಪದರಗಳ ನಡುವೆ ಅಡಕುತ್ತಿದ್ದರು. ದಂಡೆ ಸೇರುವ ಹೊತ್ತಿಗೆ ಮೀನು ಕಡು ಉಪ್ಪುನೀರಿನಲ್ಲಿ ದಿನಗಟ್ಟಲೆ ಮುಳುಗಿರುತ್ತಿತ್ತು. ಯಾರೂ ಹುಳುವನ್ನು ಕೊಲ್ಲಲೆಂದು ಹಾಗೆ ಮಾಡಲಿಲ್ಲ. ಮೀನು ಕೆಡದಿರಲಿ ಎಂದು ಮಾಡಿದ್ದು ಹುಳುವಿಗೂ ತಟ್ಟುತ್ತಿತ್ತು.

1950ರ ದಶಕದ ಹೊತ್ತಿಗೆ ದೋಣಿಗಳಲ್ಲಿ ಐಸ್ ಮತ್ತು ತಂಪು ಕೋಣೆಗಳು ಬಂದವು. ಮೀನನ್ನು ಕೊಯ್ಯದೆ ಇಡಿಯಾಗಿ ಐಸಿನಲ್ಲಿಟ್ಟು ಬಂದರಿಗೆ ತಂದು, ಅಲ್ಲಿ ನಿಧಾನವಾಗಿ ಕೊಯ್ಯುವುದು ಅನುಕೂಲವಾಯಿತು. ಇದೇ ಮೊದಲ ಬದಲಾವಣೆ. ಎರಡನೆಯದು ಉಪ್ಪಿನದು. ತಂಪು ಇದ್ದಾಗ ಮೀನು ಕೆಡದಂತೆ ಕಾಯಲು ಕಡು ಉಪ್ಪು ಬೇಕಿಲ್ಲ. ತುಸು ಉಪ್ಪು ಹಾಕಿ ಒಂದೆರಡು ದಿನದಲ್ಲೇ ತಿನ್ನುವ ಹಸಿರು ಹೆರಿಂಗ್ ಜನಪ್ರಿಯವಾಯಿತು. ಹಸಿರು ಎಂದರೆ ಇಲ್ಲಿ ತಾಜಾ ಎಂದಷ್ಟೇ ಅರ್ಥ.

ಮೊದಲ ಬದಲಾವಣೆ ಹುಳುವಿಗೆ ಸಮಯ ಕೊಟ್ಟಿತು. ಮೀನು ಸತ್ತು, ಒಳಾಂಗಗಳು ಕರಗಲಾರಂಭಿಸಿದಾಗ ಸುತ್ತಿಕೊಂಡಿದ್ದ ಹುಳುಗಳಲ್ಲಿ ಕೆಲವು ಬಿಚ್ಚಿಕೊಂಡು ಹೊಟ್ಟೆಯ ಗೋಡೆಯ ಮಾಂಸಕ್ಕೆ ಹೊಗುತ್ತವೆ. ಸಂಶೋಧಕರಾದ ಸ್ಮಿತ್ ಮತ್ತು ವೂಟನ್ 1975ರಲ್ಲಿ ಹೆರಿಂಗ್ ಮೇಲೆಯೇ ಇದನ್ನು ಪರೀಕ್ಷಿಸಿ, ಕೊಯ್ಯದೆ ಇಟ್ಟ ಮೀನಿನಲ್ಲಿ ಹೀಗಾಗುವುದನ್ನು ತೋರಿಸಿದರು. ಎಲ್ಲ ಮೀನುಗಳಲ್ಲೂ ಹೀಗಾಗುವುದಿಲ್ಲ. ಹೆರಿಂಗ್, ಬಂಗುಡೆಯ ಜಾತಿಯ ಕೊಬ್ಬಿನ ಮೀನುಗಳಲ್ಲಿ ವಲಸೆ ಕಂಡುಬಂದಿದೆ. ಕೊಬ್ಬು ಕಡಿಮೆಯಿರುವ ಬಿಳಿ ಮಾಂಸದ ಕೆಲವು ಮೀನುಗಳಲ್ಲಿ ಹುಡುಕಿದರೂ ಸಿಕ್ಕಿಲ್ಲ. ಮೀನು ಎಷ್ಟು ಬೆಚ್ಚಗಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ, ಐಸು ಕರಗಿದ ಪೆಟ್ಟಿಗೆಯಲ್ಲಿ ಓಡಾಟ ಹೆಚ್ಚು.

ಎರಡನೆಯ ಬದಲಾವಣೆ ಹುಳುವಿಗೆ ಜೀವ ಉಳಿಸಿತು. ಉಪ್ಪು ಹುಳುವನ್ನು ಕೊಲ್ಲುತ್ತದೆ, ಆದರೆ ಅಂದುಕೊಂಡದ್ದಕ್ಕಿಂತ ಬಹಳ ನಿಧಾನವಾಗಿ. ವಿನೆಗರ್ ಸೇರಿಸಿದರೂ ಅಷ್ಟೇ. ಶೇ 2.5ರಿಂದ 3ರಷ್ಟು ಅಸಿಟಿಕ್ ಆಮ್ಲವಿರುವ ಹೆರಿಂಗ್ ಉಪ್ಪಿನಕಾಯಿಯಲ್ಲಿ, ಮಾಂಸದೊಳಗಿನ ದ್ರವದಲ್ಲಿ ಉಪ್ಪು ಶೇ 8–9 ಇದ್ದರೆ ಹುಳು 5ರಿಂದ 6 ವಾರ ಬದುಕುತ್ತದೆ. ಶೇ 6–7 ಇದ್ದರೆ 10ರಿಂದ 12 ವಾರ. ಶೇ 4–5 ಇದ್ದರೆ 17 ವಾರ ದಾಟಿದರೂ ಜೀವಂತ. ನಾಲಿಗೆಗೆ ಹಿತವಾಗುವಷ್ಟೇ ಉಪ್ಪು ಬಿದ್ದು ಒಂದೆರಡು ದಿನ ಕಳೆದ ಹಸಿರು ಹೆರಿಂಗ್‌ನಲ್ಲಿ ಹುಳುವಿಗೆ ಏನೂ ಆಗುವುದಿಲ್ಲ. ಇಲ್ಲಿ ಗಮನಿಸಬೇಕಾದ ಮಾತೆಂದರೆ ಅಂಕಿ ಮಾಂಸದೊಳಗಿನ ದ್ರವದ್ದು, ಹೊರಗಿನ ಉಪ್ಪುನೀರಿನದಲ್ಲ. ಹೊರಗೆ ಶೇ 15 ಇದೆ ಎಂದು ಅಳೆದು ನಿಶ್ಚಿಂತರಾದವರ ಮೀನಿನ ನಡುವಿನಲ್ಲಿ ಅದರ ಅರ್ಧವೂ ಇಲ್ಲದಿರಬಹುದು.

ಹೀಗೆ ಐಸು ಮೀನನ್ನು ಉಳಿಸಿತು, ಜೊತೆಗೆ ಹುಳುವನ್ನೂ ಉಳಿಸಿತು. ಆಹಾರ ಸುರಕ್ಷತೆಯಲ್ಲಿ ಇಂಥದ್ದು ಮತ್ತೆ ಮತ್ತೆ ಆಗುತ್ತದೆ. ಹಳೆಯ ಪದ್ಧತಿಯ ಒಂದು ಕಟುವಾದ ಹಂತವನ್ನು ಸಡಿಲಿಸುವಾಗ ಅದು ಸದ್ದಿಲ್ಲದೆ ಮಾಡುತ್ತಿದ್ದ ಇನ್ನೊಂದು ಕೆಲಸ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಮುಂದಿದ್ದ ದಾರಿಗಳು

ಮೊದಲನೆಯದು, ಹಿಡಿದ ಕೂಡಲೇ ಕೊಯ್ಯುವ ಹಳೆಯ ಪದ್ಧತಿಗೆ ಮರಳುವುದು. ಒಳ್ಳೆಯದೇ, ಆದರೆ ಸಾಲದು. ಮೀನು ಬದುಕಿರುವಾಗಲೇ ಕೆಲವು ಹುಳುಗಳು ಹೊಟ್ಟೆಯ ಮಾಂಸದಲ್ಲಿ ಸೇರಿಕೊಂಡಿರುತ್ತವೆ, ಅವು ಕೊಯ್ತಕ್ಕೆ ಸಿಗುವುದಿಲ್ಲ. ಗೊಂಚಲನ್ನು ಒಳಗೆ ಬಿಡುವ ಡಚ್ ಕೊಯ್ತವಾದರೆ ಇನ್ನೂ ಕಷ್ಟ. ಕೊಯ್ದ ಕರುಳನ್ನು ಕಡಲಿಗೆ ಎಸೆದರೆ ಅದನ್ನು ತಿಂದ ಬೇರೆ ಮೀನುಗಳಿಗೆ ಹುಳು ದಾಟುತ್ತದೆ ಎಂಬ ತಕರಾರೂ ಇದೆ.

ಎರಡನೆಯದು, ಕಣ್ಣಿಟ್ಟು ಹುಡುಕುವುದು. ಫಿಲೆಟ್ ಮಾಡಿದ ಮಾಂಸವನ್ನು ಬೆಳಕಿನ ಮೇಜಿನ ಮೇಲೆ ಹರಡಿ ಕೆಳಗಿನಿಂದ ಬೆಳಕು ಹಾಯಿಸಿದರೆ ಹುಳು ನೆರಳಾಗಿ ಕಾಣಬೇಕು. 5 ಮಿಲಿಮೀಟರ್ ದಪ್ಪದ ಅರೆಪಾರದರ್ಶಕ ಅಕ್ರಿಲಿಕ್ ಹಾಳೆ, ಅದರಿಂದ 30 ಸೆಂಟಿಮೀಟರ್ ಮೇಲೆ ಅಳೆದರೆ 1500 ಲಕ್ಸ್ ಬೆಳಕು ಎಂಬ ಮಟ್ಟದ ನಿಖರ ಸೂಚನೆಗಳು ಇದಕ್ಕಿವೆ. ಬಿಳಿ, ತೆಳು ಮಾಂಸದಲ್ಲಿ ಇದು ನಡೆಯುತ್ತದೆ. ಹೆರಿಂಗ್ ಮಾಂಸ ಕಪ್ಪು, ಕೊಬ್ಬಿನಿಂದ ಮಬ್ಬು. ಸುರುಳಿ ಸುತ್ತಿದ ಬಣ್ಣವಿಲ್ಲದ ಹುಳು ತಪ್ಪಿಸಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಇನ್ನೂ ಗಟ್ಟಿಯಾದ ಎರಡು ವಿಧಾನಗಳಿವೆ. ಮಾಂಸವನ್ನು ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಅಪ್ಪಚ್ಚಿ ಮಾಡಿ, ಹೆಪ್ಪುಗಟ್ಟಿಸಿ, 366 ನ್ಯಾನೋಮೀಟರಿನ ನೇರಳಾತೀತ ದೀಪದಡಿ ಇಟ್ಟರೆ ಸತ್ತ ಹುಳು ಹೊಳೆಯುತ್ತದೆ. ಹುಳು ಜೀವಂತವೇ ಎಂದು ತಿಳಿಯಬೇಕಾದರೆ ಈ ವಿಧಾನ ಬರುವುದಿಲ್ಲ. ಆಗ ಮಾಂಸವನ್ನು ಪೆಪ್ಸಿನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣದಲ್ಲಿ 37 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಿ, ಜರಡಿ ಹಿಡಿದು ನೋಡಬೇಕು. ಜಠರದ ಆಮ್ಲಕ್ಕೆ ಜಗ್ಗದ ಹುಳು ಜರಡಿಯಲ್ಲಿ ಉಳಿಯುತ್ತದೆ. ಎರಡೂ ವಿಧಾನಗಳಲ್ಲಿ ಪರೀಕ್ಷಿಸಿದ ಮೀನು ತಿನ್ನಲು ಉಳಿಯುವುದಿಲ್ಲ. ರವಾನೆಯೊಂದರ ಸ್ಥಿತಿ ಅಳೆಯಲು ಇವು ಸರಿ, ಪ್ರತಿ ಮೀನನ್ನೂ ಪಾಸು ಮಾಡಲು ಅಲ್ಲ.

ಮೂರನೆಯದು ಬೇಯಿಸುವುದು. ಮಾಂಸದ ನಡುವೆ 60 ಡಿಗ್ರಿ ಒಂದು ನಿಮಿಷ ನಿಂತರೆ ಹುಳು ಸಾಯುತ್ತದೆ. ಹಸಿ ಹೆರಿಂಗ್ ಪ್ರಿಯರಿಗೆ ಈ ಸಲಹೆ ಕೊಟ್ಟು ಪ್ರಯೋಜನವಿಲ್ಲ. ತಣ್ಣನೆಯ ಹೊಗೆ ಹಿಡಿಸುವುದಂತೂ ಪರಿಹಾರವೇ ಅಲ್ಲ, ಅದರಲ್ಲಿ ಮೀನು ಅಷ್ಟು ಬಿಸಿಯೇ ಆಗುವುದಿಲ್ಲ.

ಉಳಿದದ್ದು ಹೆಪ್ಪುಗಟ್ಟಿಸುವುದು.

ಮೈನಸ್ 20, 24 ಗಂಟೆ

1968ರ ಡಚ್ ನಿಯಮ ಸರಳವಾಗಿತ್ತು. ಹಸಿಯಾಗಿ ತಿನ್ನುವ ಹೆರಿಂಗ್ ಮಾರಾಟಕ್ಕೆ ಹೋಗುವ ಮೊದಲು ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 24 ಗಂಟೆ ಇರಲೇಬೇಕು. ಅಂಗಡಿಯವನ ವಿವೇಕಕ್ಕಾಗಲೀ ಗಿರಾಕಿಯ ಎಚ್ಚರಿಕೆಗಾಗಲೀ ಅದು ಏನನ್ನೂ ಬಿಡಲಿಲ್ಲ. ರುಚಿ ಕೆಡುತ್ತದೆ ಎಂಬ ಅಂಜಿಕೆ ಹುಸಿಯಾಯಿತು. ಹೆಪ್ಪುಗಟ್ಟಿಸಿದರೆ ಮೀನಿನ ಕಿಣ್ವಗಳು ನಾಶವಾಗುವುದಿಲ್ಲ, ಸುಮ್ಮನಾಗುತ್ತವೆ ಅಷ್ಟೇ. ಕರಗಿದ ಮೇಲೆ ಹದವಾಗುವ ಕೆಲಸ ಮತ್ತೆ ನಡೆಯುತ್ತದೆ. ಜೊತೆಗೊಂದು ಲಾಭವೂ ದಕ್ಕಿತು. ಬೇಸಿಗೆಯ ಆರಂಭದ ಕೆಲವು ವಾರ ಮಾತ್ರ ಮೀನಿನಲ್ಲಿ ಬೇಕಾದಷ್ಟು ಕೊಬ್ಬಿರುತ್ತದೆ. ಹೊಸ ಹೆರಿಂಗ್ ಎಂದು ಮಾರಲು ಕನಿಷ್ಠ ಶೇ 16 ಕೊಬ್ಬಿರಬೇಕೆಂಬುದು ಅಲ್ಲಿನ ಅಳತೆ. ಹೆಪ್ಪುಗಟ್ಟಿಸುವುದು ಕಡ್ಡಾಯವಾದ ಮೇಲೆ ಆ ಕೆಲವು ವಾರದ ಮೀನನ್ನು ವರ್ಷವಿಡೀ ಮಾರುವಂತಾಯಿತು. ವ್ಯಾಪಾರಿಗಳು ನಿಯಮವನ್ನು ಒಪ್ಪಿಕೊಂಡು ನಡೆದದ್ದಕ್ಕೆ ಇದೂ ಒಂದು ಕಾರಣವೆಂದು ಧಾರಾಳವಾಗಿ ಊಹಿಸಬಹುದು.

ಈ ನಿಯಮವೇ ಮುಂದೆ ಯುರೋಪಿನ ಉದ್ದಗಲಕ್ಕೂ ಹಬ್ಬಿತು. ಯುರೋಪಿಯನ್ ಒಕ್ಕೂಟದ ಈಗಿನ ನಿಯಮದಂತೆ ಹಸಿಯಾಗಿ ತಿನ್ನುವ ಮೀನಿನ ಎಲ್ಲ ಭಾಗಗಳೂ ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ 15 ಗಂಟೆ ಇರಬೇಕು. ಅಮೆರಿಕದ ಸೂಚನೆ ಇನ್ನೂ ಬಿಗಿ: ಮೈನಸ್ 20ರಲ್ಲಿ 7 ದಿನ. ಎರಡೂ ಕಡೆಯ ಹುಳುಗಳಲ್ಲಿ ವ್ಯತ್ಯಾಸವಿಲ್ಲ. ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಯುರೋಪಿನದು ಮೀನಿನ ನಡುಭಾಗ ಮೈನಸ್ 20 ಮುಟ್ಟಿದ ಮೇಲಿನ 24 ಗಂಟೆ. ಅಮೆರಿಕದ್ದು ಫ್ರೀಜರಿನ ಸುತ್ತಲ ಗಾಳಿಯ ಉಷ್ಣತೆಯನ್ನು ಹಿಡಿದು ಹೇಳಿದ ಒಟ್ಟು ಅವಧಿ. ನಡುಭಾಗ ತಣಿಯಲು ಬೇಕಾದ ಸಮಯವೂ ಅದರಲ್ಲೇ ಸೇರಿದೆ.

ನಿಯಮ ಪಾಲಿಸಿದೆವು ಎಂದುಕೊಂಡೂ ತಪ್ಪುವುದು ಇಲ್ಲಿಯೇ. ಸಂಸ್ಕರಣಾ ಘಟಕದಲ್ಲಿ ಕೊರೆಯುವ ಲೋಹದ ಹಲಗೆಗಳ ನಡುವೆ ಮೀನನ್ನು ಒತ್ತಿಡುವ ಪ್ಲೇಟ್ ಫ್ರೀಜರಿನಲ್ಲಿ ಮೀನಿನ ಬ್ಲಾಕ್‌ನ ನಡುಭಾಗ ಕೆಲವು ಗಂಟೆಗಳಲ್ಲಿ ಮೈನಸ್ 20 ಮುಟ್ಟುತ್ತದೆ. ಅದೇ ಮೀನನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ಒತ್ತೊತ್ತಾಗಿ ಜೋಡಿಸಿ ಕೋಲ್ಡ್ ಸ್ಟೋರೇಜಿನಲ್ಲಿ ನೂಕಿದರೆ ನಡುವಿನ ಪೆಟ್ಟಿಗೆಯ ನಡುವಿನ ಮೀನು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಕೋಲ್ಡ್ ಸ್ಟೋರೇಜ್ ಇರುವುದು ಆಗಲೇ ಹೆಪ್ಪುಗಟ್ಟಿದ್ದನ್ನು ಹಾಗೇ ಇಡಲು, ಹೆಪ್ಪುಗಟ್ಟಿಸಲು ಅದಕ್ಕೆ ತಾಕತ್ತಿಲ್ಲ. ಥರ್ಮಾಮೀಟರಿನ ಕಡ್ಡಿಯನ್ನು ಅತ್ಯಂತ ದಪ್ಪ ಮೀನಿನ ಅತ್ಯಂತ ದಪ್ಪ ಭಾಗಕ್ಕೆ ಚುಚ್ಚಿಟ್ಟು, ಅದು ಮೈನಸ್ 20 ತೋರಿಸಿದ ಗಳಿಗೆಯನ್ನು ಬರೆದುಕೊಂಡು, ಅಲ್ಲಿಂದ ಗಂಟೆ ಎಣಿಸಬೇಕು. ಬಾಗಿಲಿನ ಮೇಲಿನ ಡಿಸ್‌ಪ್ಲೇ ಹೇಳುವುದು ಗಾಳಿಯ ಕಥೆ.

ಮನೆಯ ಫ್ರಿಜ್‌ನ ಫ್ರೀಜರ್ ಮೈನಸ್ 18ಕ್ಕೆಂದು ತಯಾರಾದದ್ದು. ಹಳೆಯದಾದರೆ, ಬಾಗಿಲು ಪದೇ ಪದೇ ತೆರೆದರೆ ಅಷ್ಟೂ ಇರುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ತಜ್ಞರು 2010ರಲ್ಲಿ ಒಪ್ಪಿದ ಇನ್ನೊಂದು ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ: ನಡುಭಾಗ ಮೈನಸ್ 15 ಡಿಗ್ರಿ ಇದ್ದರೆ 96 ಗಂಟೆ. ಅಂದರೆ ಉಷ್ಣತೆ 5 ಡಿಗ್ರಿ ಏರಿದರೆ ಸಮಯ ನಾಲ್ಕು ಪಟ್ಟು. ಮೈನಸ್ 10ರ ಆಸುಪಾಸಿನಲ್ಲಂತೂ ಹುಳು ದಿನಗಟ್ಟಲೆ ತಾಳಿಕೊಳ್ಳಬಲ್ಲದು. ಅದರ ಮೈಯಲ್ಲಿರುವ ಟ್ರೆಹಲೋಸ್ ಎಂಬ ಸಕ್ಕರೆ ಚಳಿಯ ವಿರುದ್ಧ ಅದರ ಕವಚ. ಮನೆಯಲ್ಲಿ ಹಸಿ ಮೀನು ತಿನ್ನಲೇಬೇಕೆನ್ನುವವರು ತೆಳುವಾಗಿ ಕೊಯ್ದು, ಒಂದೇ ಪದರದಲ್ಲಿ ಹರಡಿ, ಪೂರ್ತಿ ಒಂದು ವಾರ ಒಳಗಿಡಬೇಕು. ಒಂದು ರಾತ್ರಿ ಇಟ್ಟು ತೆಗೆದರೆ ಏನೂ ಮಾಡಿದಂತಾಗಲಿಲ್ಲ.

ಹೆಪ್ಪು ಮುಟ್ಟದ ಭಾಗ

ಸತ್ತ ಹುಳು ಕರುಳನ್ನು ಕೊರೆಯುವುದಿಲ್ಲ, ನಿಜ. ಆದರೆ ಅದರ ಕೆಲವು ಪ್ರೋಟೀನುಗಳಿಗೆ ಹೆಪ್ಪಾಗಲೀ ಬಿಸಿಯಾಗಲೀ ತಟ್ಟುವುದಿಲ್ಲ. 1990ರಲ್ಲಿ ಜಪಾನಿನಲ್ಲಿ, ಆಮೇಲೆ 1995ರ ಹೊತ್ತಿಗೆ ಸ್ಪೇನಿನಲ್ಲಿ, ಮೀನು ತಿಂದು ಮೈಯೆಲ್ಲ ದದ್ದೆದ್ದವರನ್ನು ಪರೀಕ್ಷಿಸಿದಾಗ ಅವರಿಗೆ ಅಲರ್ಜಿ ಇದ್ದದ್ದು ಮೀನಿಗಲ್ಲ, ಹುಳುವಿಗೆ ಎಂದು ತಿಳಿಯಿತು. ಒಮ್ಮೆ ಜೀವಂತ ಹುಳುವಿನಿಂದ ಕೆರಳಿದ ದೇಹ ಮುಂದೆ ಸತ್ತ ಹುಳುವಿಗೂ ಕೆರಳಬಹುದು. ಬರೀ ಮೀನಿನ ಅಲರ್ಜಿ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದು ಬಂದರೂ, ಮೀನು ತಿಂದಾಗಲೆಲ್ಲ ಅಲ್ಲ, ಕೆಲವು ಸಲ ಮಾತ್ರ ದದ್ದು ಏಳುತ್ತಿದ್ದರೆ ಈ ಸಾಧ್ಯತೆಯನ್ನು ವೈದ್ಯರ ಗಮನಕ್ಕೆ ತರಬೇಕು. ಅಂಥವರಿಗೆ ಹೆಪ್ಪುಗಟ್ಟಿಸಿದ ಮೀನೂ ಪೂರ್ತಿ ಸುರಕ್ಷಿತವಲ್ಲ. ಹೊಟ್ಟೆಭಾಗದ ಮಾಂಸ ಬಿಟ್ಟು ಬಾಲದ ಕಡೆಯದನ್ನು ಆರಿಸುವುದು ಅಪಾಯ ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ.

ಚಿಕಿತ್ಸೆಯೂ 1955ರ ಸ್ಥಿತಿಯಿಂದ ಬಹಳ ಮುಂದೆ ಬಂದಿದೆ. ಹುಳು ಜಠರದಲ್ಲಿದ್ದರೆ ತಿಂದ ಕೆಲವೇ ಗಂಟೆಗಳಲ್ಲಿ ನೋವು. ಆಗ ಎಂಡೋಸ್ಕೋಪ್ ಇಳಿಸಿ ಚಿಮುಟದಿಂದ ಎಳೆದು ತೆಗೆದರೆ ಶೂಲೆ ಬೇಗನೆ ಇಳಿಯುತ್ತದೆ. ಹಸಿ ಮೀನಿನ ದೇಶವಾದ ಜಪಾನಿನಲ್ಲಿ ಹೆಚ್ಚಿನವು ಇಂಥವೇ. ಕರುಳಿಗೆ ಇಳಿದಿದ್ದರೆ ಒಂದರಿಂದ ಐದು ದಿನ ತಡವಾಗಿ ನೋವು ಶುರುವಾಗುತ್ತದೆ, ಅಷ್ಟರಲ್ಲಿ ತಿಂದ ಮೀನು ಮರೆತಿರುತ್ತದೆ. ಈಗ ಸ್ಕ್ಯಾನ್‌ನಲ್ಲಿ ಊದಿದ ಕರುಳು ಕಂಡು, ಹಸಿ ಮೀನು ತಿಂದದ್ದು ಗೊತ್ತಾದರೆ ಸಾಮಾನ್ಯವಾಗಿ ಚೂರಿ ಹಾಕದೆ ಕಾಯುತ್ತಾರೆ, ಹುಳು ತಾನೇ ಸಾಯುತ್ತದೆ. ಕರುಳು ಪೂರ್ತಿ ಕಟ್ಟಿಕೊಂಡರೆ, ತೂತಾದರೆ ಮಾತ್ರ ಶಸ್ತ್ರಚಿಕಿತ್ಸೆ. ಕಳೆದ ಒಂದು ವಾರದಲ್ಲಿ ಹಸಿ ಅಥವಾ ಅರೆಬೆಂದ ಮೀನು ತಿಂದಿದ್ದೀರಾ ಎಂಬ ಒಂದು ಪ್ರಶ್ನೆ ಅನಗತ್ಯ ಶಸ್ತ್ರಚಿಕಿತ್ಸೆಯನ್ನು ತಪ್ಪಿಸುತ್ತದೆ.

ನಮ್ಮ ಕರಾವಳಿಗೆ ಇದರಲ್ಲಿ ಏನಿದೆ

ಅನಿಸಾಕಿಸ್ ಜಾತಿಯ ಹುಳುಗಳು ಅರಬ್ಬಿ ಸಮುದ್ರದ ಮೀನುಗಳಲ್ಲೂ ಇವೆ. ಮಂಗಳೂರು, ಮಲ್ಪೆಯ ಆಳಸಮುದ್ರದ ಬೋಟುಗಳೂ ದಿನಗಟ್ಟಲೆ ಕಡಲಲ್ಲಿದ್ದು, ಸಣ್ಣ ಮೀನುಗಳನ್ನು ಕೊಯ್ಯದೆ ಇಡಿಯಾಗಿ ಐಸಿನಲ್ಲೇ ತರುತ್ತವೆ. ಹುಳು ಮಾಂಸಕ್ಕೆ ಹೊಗಲು ಬೇಕಾದ ಎಲ್ಲ ಅನುಕೂಲವೂ ಇದೆ. ಆದರೂ ನಮ್ಮಲ್ಲಿ ಈ ಕಾಯಿಲೆಯ ಮಾತೇ ಕೇಳಿಬರುವುದಿಲ್ಲ. ಕಾರಣ ಅಡುಗೆ. ಬಂಗುಡೆ ಪುಳಿಮುಂಚಿಯಾಗಲಿ, ಬೂತಾಯಿ ಗಸಿಯಾಗಲಿ ಕುದಿಯದೆ ತಟ್ಟೆಗೆ ಬರುವುದಿಲ್ಲ. ಕುದಿಯುವ ಸಾರಿನಲ್ಲಿ ಮೀನಿನ ನಡುಭಾಗ 60 ಡಿಗ್ರಿ ದಾಟಲು ಹೆಚ್ಚು ಹೊತ್ತು ಬೇಡ.

ಎಚ್ಚರ ಬೇಕಾದದ್ದು ತವಾದಲ್ಲಿ ಹುರಿಯುವಾಗ. ಬೆರಳಿನಷ್ಟು ದಪ್ಪದ ಅಂಜಲ್ ತುಂಡನ್ನು ಫ್ರೀಜರಿನಿಂದ ನೇರ ತೆಗೆದು ದೊಡ್ಡ ಉರಿಯಲ್ಲಿ ಹಾಕಿದರೆ ರವೆ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಮುಳ್ಳಿನ ಪಕ್ಕದ ಮಾಂಸ ಇನ್ನೂ ತಣ್ಣಗಿರಬಹುದು. ನಡುಮುಳ್ಳಿನಿಂದ ಮಾಂಸ ಸಲೀಸಾಗಿ ಬಿಟ್ಟುಬಂದರೆ, ಗಾಜಿನಂತೆ ಕಾಣುವ ಭಾಗ ಉಳಿದಿಲ್ಲವಾದರೆ ಬೆಂದಿದೆ. ಮೈಕ್ರೋವೇವ್ ಮೀನನ್ನು ಒಂದೇ ಸಮನೆ ಬಿಸಿ ಮಾಡುವುದಿಲ್ಲ. ಅದರಲ್ಲಿ ಬೇಯಿಸುವವರು 74 ಡಿಗ್ರಿಯ ಗುರಿ ಇಟ್ಟುಕೊಂಡು, ನಡುವೆ ಒಮ್ಮೆ ತಿರುವಿಹಾಕಿ, ಮುಚ್ಚಿಟ್ಟು ಒಂದೆರಡು ನಿಮಿಷ ಬಿಡುವುದು ವಾಸಿ.

ಮಾರುಕಟ್ಟೆಯಿಂದ ತಂದ ಬಂಗುಡೆಯನ್ನು ಸಂಜೆಗೆ ಮಾಡೋಣವೆಂದು ಇಡಿಯಾಗಿ ಫ್ರಿಜ್‌ನಲ್ಲಿಡುವ ಬದಲು, ಮೊದಲೇ ಕರುಳು ತೆಗೆದು, ಹೊಟ್ಟೆಯ ಒಳಗಿನ ಕಪ್ಪು ಪೊರೆಯನ್ನು ಉಜ್ಜಿ ತೊಳೆದು ಇಟ್ಟರೆ ಒಳಗಿದ್ದ ಹುಳು ಮಾಂಸಕ್ಕೆ ಸರಿಯುವ ಪ್ರಮೇಯವಿಲ್ಲ, ಹೊಟ್ಟೆ ಒಡೆದು ವಾಸನೆ ಬರುವುದೂ ತಪ್ಪುತ್ತದೆ. ಸುರುಳಿ ಹುಳು ಕಂಡ ಮಾತ್ರಕ್ಕೆ ಮೀನು ಎಸೆಯಬೇಕಿಲ್ಲ. ಅದನ್ನು ಕಿತ್ತು, ಹೊಟ್ಟೆಯ ಅಂಚಿನ ತೆಳು ಮಾಂಸವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಚೆನ್ನಾಗಿ ಬೇಯಿಸಬಹುದು. ಆ ಕರುಳನ್ನು ಹಸಿಯಾಗಿ ಬೆಕ್ಕು ನಾಯಿಗಳಿಗೆ ಹಾಕಬಾರದು.

ಬೆಂಗಳೂರಿನ ಸುಶಿ ಹೋಟೆಲುಗಳ ವಿಚಾರಕ್ಕೆ ಬಂದರೆ, ಅಲ್ಲಿನ ಸಾಲ್ಮನ್ ಸಾಕಣೆಯದೇ ಎಂದು ಖಚಿತವಾದರೆ ಹುಳುವಿನ ಭಯ ಬಹಳ ಕಡಿಮೆ. ಸಾಕಿದ ಸಾಲ್ಮನ್ ತಿನ್ನುವುದು ಒಣ ಗುಳಿಗೆ, ಅದರಲ್ಲಿ ಜೀವಂತ ಕ್ರಿಲ್ ಇರುವುದಿಲ್ಲ. ಯುರೋಪಿನ ನಿಯಮ ಇಂಥ ಮೀನಿಗೆ ಹೆಪ್ಪುಗಟ್ಟಿಸುವುದರಿಂದ ವಿನಾಯಿತಿ ಕೊಟ್ಟಿರುವುದೂ ಇದೇ ಕಾರಣಕ್ಕೆ. ಕಡಲಲ್ಲಿ ಹಿಡಿದ ಬಂಗುಡೆ, ಬೊಂಡಾಸ್ (ಸ್ಕ್ವಿಡ್)ಗಳನ್ನು ಹಸಿಯಾಗಿಯೋ, ಲಿಂಬೆರಸದಲ್ಲಿ ನೆನೆಸಿ ಮಾತ್ರವೋ ಬಡಿಸುತ್ತಿದ್ದರೆ ಕೇಳಬೇಕಾದದ್ದು ಇಷ್ಟೇ: ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಹೆಪ್ಪುಗಟ್ಟಿಸಿದ್ದೀರಿ? ತಾಜಾ ಮೀನು, ಇವತ್ತೇ ಬಂದದ್ದು ಎಂಬ ಉತ್ತರ ಬಂದರೆ ಹುರಿದದ್ದನ್ನೇ ತರಿಸಿಕೊಳ್ಳಿ.